ಕಂಡಕಂಡೋರೆಲ್ಲ ಬಂದು ಕೂರ್ತಾರೆ

"ಬೆಂಚು ಹಾಕಿಸಿದ್ರೆ ಕಂಡಕಂಡೋರೆಲ್ಲ ಬಂದು ಕೂರ್ತಾರೆ ಸಾರ್."

ಮಂಗಳವಾರ ಸ್ಥಳ ನೋಡಲು ಹೋದಾಗ ಎಂಜಿನಿಯರೊಬ್ಬರು ಆಡಿದ ಈ ಮಾತು ಇನ್ನೂ ಕಿವಿ ಬಿಟ್ಟಿಲ್ಲ. ಕೆಟ್ಟ ಮನುಷ್ಯರೇನಲ್ಲ, ಅಂದಾಜುಪಟ್ಟಿಯೆಲ್ಲ ಬಾಯಿಪಾಠ. ಆದರೆ ನಾವು ನಿಂತಿದ್ದು ಊರ ನಡುವೆಯೇ ಇದ್ದೂ ಮಟಮಟ ಮಧ್ಯಾಹ್ನ ನರಪಿಳ್ಳೆಯೂ ಸುಳಿಯದ ಚೌಕದಲ್ಲಿ. ಪಾಲಿಶ್ ಗ್ರಾನೈಟ್ ಕಾದ ಹೆಂಚಾಗಿತ್ತು. ಇದ್ದೊಂದು ಕಟ್ಟೆಯ ಅಂಚಿಗೆ ಕಬ್ಬಿಣದ ಮುಳ್ಳು. ಹತ್ತು ಹೆಜ್ಜೆ ಆಚೆ, ಎಳನೀರು ಗಾಡಿಯ ಪಕ್ಕ, ಫುಟ್‌ಪಾತಿನ ಅಂಚುಗಲ್ಲಿನ ಮೇಲೆ ಏಳು ಜನ ಸಾಲಾಗಿ ಕೂತಿದ್ದರು. ಮರದ ನೆರಳು ಎಲ್ಲಿಗೆ ಮುಗಿಯಿತೋ ಸಾಲೂ ಅಲ್ಲಿಗೇ ಮುಗಿದಿತ್ತು.

ಕಂಡಕಂಡೋರು!

ನ್ಯೂಯಾರ್ಕಿನ ಬ್ರಯಂಟ್ ಪಾರ್ಕ್ 1970ರ ದಶಕದಲ್ಲಿ ಡ್ರಗ್ಸ್ ಮಾರುವವರ ಅಡ್ಡೆಯಾಗಿತ್ತು. ಬೀದಿಗಿಂತ ಸುಮಾರು 4 ಅಡಿ ಎತ್ತರ, ಸುತ್ತ ಕಬ್ಬಿಣದ ಬೇಲಿ, ಅದಕ್ಕೊತ್ತಿ ದಟ್ಟ ಪೊದೆ. ಒಳಗೆ ಏನು ನಡೆದರೂ ಹೊರಗೆ ಕಾಣದು. ಸಾರ್ವಜನಿಕ ಜಾಗಗಳಲ್ಲಿ ಜನ ಹೇಗೆ ನಡೆದುಕೊಳ್ಳುತ್ತಾರೆಂದು ಅಧ್ಯಯನ ಮಾಡಿದ್ದ ವಿಲಿಯಂ ವೈಟ್ ಕೊಟ್ಟ ಸಲಹೆ: ಮರೆ ತೆಗೆಯಿರಿ, ದಾರಿ ಅಗಲ ಮಾಡಿ. 1992ರಲ್ಲಿ ಮತ್ತೆ ತೆರೆದಾಗ ಪೊದೆಗಳಿರಲಿಲ್ಲ. ಬೇಕಾದ ಕಡೆ ಎಳೆದುಕೊಳ್ಳುವ ಹಗುರ ಕುರ್ಚಿಗಳಿದ್ದವು. ಕಾವಲೂ ಇತ್ತು, ನಿಜ. ಆದರೆ ಊಟದ ಹೊತ್ತಿಗೆ ನೂರಾರು ಜನ ಕೂರುವ ಕಡೆ ಕದ್ದು ಮಾರುವುದು ಹೇಗೆ?

ನಮ್ಮ ಚೌಕಕ್ಕೆ ಬೇಕಾದದ್ದೂ ದೊಡ್ಡದೇನಲ್ಲ. ಕಟ್ಟೆ ನೆಲದಿಂದ 40–45 ಸೆಂ.ಮೀ. ಎತ್ತರ. ಎರಡೂ ಕಡೆ ಕೂರಬೇಕಾದರೆ ಅಗಲ 75ಕ್ಕಿಂತ ಕಡಿಮೆ ಬೇಡ. 45ಕ್ಕೆ ಇಳಿಸಿದರೆ ಬೆನ್ನಿಗೆ ಬೆನ್ನು ತಾಗುತ್ತದೆ, ಹೆಂಗಸರು ಆ ಕಡೆ ತಿರುಗಿಯೂ ನೋಡುವುದಿಲ್ಲ. ನೆಲಕ್ಕೆ ಫ್ಲೇಮ್ ಫಿನಿಶ್ ಕಲ್ಲು, ಅಂದರೆ ಬೆಂಕಿಯ ಜ್ವಾಲೆ ತಾಗಿಸಿ ಮೈ ತರಿತರಿ ಮಾಡಿದ ಕಲ್ಲು, ಮಳೆಯಲ್ಲಿ ಜಾರದು. ನೀರು ಹರಿಯಲು ನೂರಕ್ಕೆ ಒಂದರ ಇಳಿಜಾರು. ಮರ ಕಟ್ಟೆಯ ಪಶ್ಚಿಮಕ್ಕಿರಲಿ, ಇಲ್ಲವಾದರೆ ಮಧ್ಯಾಹ್ನದ ನೆರಳು ರಸ್ತೆಗೆ ಬಿದ್ದೀತು. ತೊಡಕಿರುವುದು ಇಲ್ಲೇ: ಕೆಳಗೆ ಪಾರ್ಕಿಂಗ್ ಇದೆ, ಸ್ಲ್ಯಾಬಿನ ಮೇಲೆ ಮಣ್ಣು ಎರಡೇ ಅಡಿ. ಅಷ್ಟರಲ್ಲಿ ಹೊಂಗೆ ನೆಟ್ಟರೆ ಬೇರು ಸ್ಲ್ಯಾಬಿಗೆ ಮುಟ್ಟಿ ಮರ ಕುಂಟುತ್ತದೆ. ಹಾಗಾಗಿ ಮರಗಳೆಲ್ಲ ಸ್ಲ್ಯಾಬ್ ಇಲ್ಲದ ಅಂಚಿಗೆ, ಬುಡದ ಸುತ್ತ ಒಂದೂವರೆ ಮೀಟರ್ ಬಿಟ್ಟು. ಉಳಿದ ಕಡೆ ಚಪ್ಪರ. ಮುಳ್ಳು ಕೀಳಲು ಗ್ರೈಂಡರ್ ಹಿಡಿದ ಒಬ್ಬ ವೆಲ್ಡರ್, ಅರ್ಧ ದಿನ.

ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಗಂಟಲೊಣಗಿತ್ತು. ಗಾಡಿಯ ಹತ್ತಿರ ಹೋದೆವು. "ಗಂಜಿನಾ, ನೀರಾ?" ಎಂದ ಹುಡುಗನಿಗೆ ಎಂಜಿನಿಯರರು ಗಂಜಿ ಹೇಳಿ, ಕರವಸ್ತ್ರ ಹಾಸಿ ಆ ಸಾಲಿನಲ್ಲೇ ಕೂತರು, ಎಂಟನೆಯವರಾಗಿ.