ಅರ್ಜಿಯಲ್ಲಿ ನಾನು ಬರೆದ ಒಂದು ಸಾಲು

‘ಯೋಜನೆಯ ಎಲ್ಲ ಧ್ವನಿಮುದ್ರಣಗಳನ್ನೂ ಅಂತರ್ಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ಒದಗಿಸಲಾಗುವುದು.’ ಅನುದಾನದ ಅರ್ಜಿಯಲ್ಲಿ ಈ ಸಾಲನ್ನು ಬರೆದ ರಾತ್ರಿ, ಒಳ್ಳೆಯ ಕೆಲಸವೊಂದನ್ನು ಮಾಡಿದೆ ಎಂಬ ತೃಪ್ತಿಯಿಂದ ಮಲಗಿದ್ದೆ. ಹಣ ಮಂಜೂರಾಯಿತು. ಐದು ತಿಂಗಳು ಕಳೆದ ಮೇಲೆ, ಅದೇ ಸಾಲಿನ ಕಾರಣಕ್ಕೆ ಒಬ್ಬ ಹಿರಿಯ ಹೆಂಗಸು ಧ್ವನಿಮುದ್ರಕವನ್ನು ನಿಲ್ಲಿಸಲು ಹೇಳಿ, ಕುರ್ಚಿಯಿಂದ ಎದ್ದು ಹೊರಗೆ ಮರದ ಕೆಳಗೆ ಹೋಗಿ ಕುಳಿತರು.

ನಾನು ಕೆಲಸ ಮಾಡುವುದು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಒಳನಾಡಿನ ಒಂದು ಸಣ್ಣ ಪಟ್ಟಣದಲ್ಲಿ. ಇದು ವಿರಾಜುರಿ ಎಂಬ ಮೂಲನಿವಾಸಿ ಜನರ ನೆಲ. ಇಲ್ಲಿನ ಸಣ್ಣ ಸಂಘಗಳಿಗೆ ಅನುದಾನದ ಅರ್ಜಿ ಬರೆದುಕೊಡುವುದು, ಬಂದ ಹಣದ ಲೆಕ್ಕ ಇಡುವುದು, ಅವಧಿ ಮುಗಿದಾಗ ಆ ಲೆಕ್ಕವನ್ನು ಒಪ್ಪಿಸುವುದು ನನ್ನ ಉದ್ಯೋಗ. ಕ್ರೀಡಾ ಸಂಘದ ನೀರಿನ ಟ್ಯಾಂಕು, ವೃದ್ಧರಿಗೆ ಮಧ್ಯಾಹ್ನದ ಊಟ, ಶಾಲೆಯ ಕೈತೋಟ, ಹೀಗೆ ಹತ್ತಾರು ಬಗೆಯ ಅರ್ಜಿಗಳನ್ನು ಬರೆದು ಕೈ ಪಳಗಿತ್ತು. ಮೂಲನಿವಾಸಿ ಭಾಷೆಗಳನ್ನು ಮರಳಿ ಬಳಕೆಗೆ ತರಲು, ಅವುಗಳನ್ನು ಸಂಭ್ರಮಿಸಲು ಕೊಡುವ ಸಮುದಾಯ ಅನುದಾನಕ್ಕೆ ಅರ್ಜಿ ಹಾಕಬೇಕೆಂದು ಕೆಲವು ಕುಟುಂಬಗಳು ಸೇರಿ ನಮ್ಮಲ್ಲಿಗೆ ಬಂದಾಗ, ಅದನ್ನೂ ಅದೇ ಅಚ್ಚಿಗೆ ಹೊಯ್ದೆ.

ಎಷ್ಟು ಜನರಿಗೆ ಪ್ರಯೋಜನ ಎಂಬ ಕಡೆ 200 ಎಂದು ತುಂಬಿದೆ. ಶಾಲೆಯ ಮಕ್ಕಳು, ಅವರ ಪೋಷಕರು, ವಸ್ತುಪ್ರದರ್ಶನಕ್ಕೆ ಬರಬಹುದಾದವರು ಎಲ್ಲರನ್ನೂ ಕೂಡಿಸಿದ ಸಂಖ್ಯೆ ಅದು. ಕೊನೆಗೆ ಏನು ಉಳಿಯುತ್ತದೆ ಎಂಬ ಕಡೆ ಮೇಲಿನ ಆ ಸಾಲು. ಕುಟುಂಬದವರು ಕರಡನ್ನು ನೋಡಿದ್ದರು ನಿಜ. ಆದರೆ ಹದಿನೆಂಟು ಪುಟಗಳ ಕಚೇರಿ ಇಂಗ್ಲಿಷನ್ನು ಕೊನೆಯ ದಿನಾಂಕಕ್ಕೆ ಎರಡು ದಿನ ಮೊದಲು ಮುಂದಿಟ್ಟು, ಸಹಿ ಮಾಡಿ ಎಂದು ಕೇಳಿದರೆ ಅದು ತೋರಿಸಿದಂತಾಗುವುದಿಲ್ಲ. ಇದು ಈಗ ನನಗೆ ಗೊತ್ತು.

ಹೊರಗೆ ಹೋಗಿ ಕುಳಿತ ಆ ಹಿರಿಯರನ್ನು ಇಲ್ಲಿ ಎಲ್ಲರೂ ಆಂಟಿ ಎನ್ನುತ್ತಾರೆ. ನಮ್ಮ ಊರುಗಳಲ್ಲಿ ಪಕ್ಕದ ಮನೆಯವರನ್ನೆಲ್ಲ ಕರೆಯುವ ಆಂಟಿ ಇದಲ್ಲ. ಇಲ್ಲಿ ಆಂಟಿ, ಅಂಕಲ್ ಎಂಬುದು ತಿಳಿವಳಿಕೆಗಾಗಿ, ನಡತೆಗಾಗಿ ಸಮುದಾಯ ಕೊಡುವ ಗೌರವದ ಹೆಸರು. ಆ ದಿನ ಅವರು ಒಂದು ಹಳೆಯ ಕ್ಯಾಸೆಟ್ ತಂದಿದ್ದರು. ಬಿಸ್ಕತ್ತಿನ ಡಬ್ಬಿಯಲ್ಲಿ, ಒಗೆದು ಮಡಿಸಿದ ಟವೆಲಿನೊಳಗೆ ಸುತ್ತಿಟ್ಟ ಕ್ಯಾಸೆಟ್. ಅದರಲ್ಲಿ ಅವರ ಅಜ್ಜಿಯ ಧ್ವನಿ ಇತ್ತು. ಗಣಕಕ್ಕೆ ಇಳಿಸಿಕೊಂಡರೆ ಇನ್ನು ಹಾಳಾಗುವುದಿಲ್ಲ ಎಂದು ನಾವೇ ಅವರನ್ನು ಒಪ್ಪಿಸಿದ್ದೆವು. ಟೇಪು ತಿರುಗುತ್ತಿದ್ದಾಗ ತಂಡದ ಹುಡುಗಿಯೊಬ್ಬಳು ಒಪ್ಪಂದದ ಹಾಳೆಯನ್ನು ಗಟ್ಟಿಯಾಗಿ ಓದಿದಳು, ನನ್ನ ಸಾಲು ಅವರ ಕಿವಿಗೆ ಬಿತ್ತು.

ನಾನು ಹಿಂದೆಯೇ ಹೋದೆ. ಬಹಳ ಹೊತ್ತು ಅವರು ಏನೂ ಹೇಳಲಿಲ್ಲ. ಕಡೆಗೆ, ಇದು ನನ್ನ ಅಜ್ಜಿ, ಇದನ್ನು ಯಾರಿಗೆ ಕೊಡುತ್ತೇನೆಂದು ನೀನು ಹೇಗೆ ಬರೆದೆ, ಎಂದು ಕೇಳಿದರು. ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

ಆ ಪ್ರಶ್ನೆಯ ಭಾರ ಅರ್ಥವಾಗಬೇಕಾದರೆ ಇಲ್ಲಿ ನಡೆದದ್ದನ್ನು ಸ್ವಲ್ಪ ತಿಳಿದಿರಬೇಕು. 1788ರಲ್ಲಿ ಬ್ರಿಟಿಷರು ಸಿಡ್ನಿಯ ಕರಾವಳಿಗೆ ಬಂದು ನೆಲೆಸಿದಾಗ ಈ ಖಂಡದಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು. ಈ ರಾಜ್ಯವೊಂದರಲ್ಲೇ ಕನಿಷ್ಠ 35. 2020ರಲ್ಲಿ ಪ್ರಕಟವಾದ ಮೂರನೆಯ ರಾಷ್ಟ್ರೀಯ ಭಾಷಾ ವರದಿಯ ಪ್ರಕಾರ, ದೇಶದಲ್ಲಿ ಬಳಕೆಯಲ್ಲಿರುವ ಅಥವಾ ಮರಳಿ ಚಿಗುರುತ್ತಿರುವ ಭಾಷೆಗಳು 123. ಹೆಚ್ಚುಕಡಿಮೆ ಗಟ್ಟಿಯಾಗಿ ನಿಂತಿರುವವು 12 ಮಾತ್ರ. ಉಳಿದವು ತಾವಾಗಿ ಸೊರಗಿದವಲ್ಲ. ನೆಲ ಕಿತ್ತುಕೊಂಡರು, ಜನರನ್ನು ಮಿಷನ್ ಎಂಬ ಪ್ರತ್ಯೇಕ ವಸತಿಗಳಿಗೆ ಅಟ್ಟಿದರು, ಮಕ್ಕಳನ್ನು ತಾಯಂದಿರಿಂದ ಬೇರ್ಪಡಿಸಿ ಸಂಸ್ಥೆಗಳಲ್ಲಿಟ್ಟರು, ಮನೆಮಾತು ಆಡಿದವರನ್ನು ಶಿಕ್ಷಿಸಿದರು. ವಿರಾಜುರಿ ಹಿರಿಯ ಸ್ಟಾನ್ ಗ್ರಾಂಟ್ ಸೀನಿಯರ್ ಅವರು, ತಮ್ಮ ಅಜ್ಜ ತಮ್ಮನ್ನು ವಿರಾಜುರಿಯಲ್ಲಿ ಕೂಗಿ ಕರೆದದ್ದಕ್ಕೆ ಪೊಲೀಸರು ಅಜ್ಜನನ್ನು ಹಿಡಿದೊಯ್ದರೆಂದು ಹೇಳಿಕೊಂಡಿದ್ದಾರೆ. ಅದೇ ಮೊಮ್ಮಗ ದೊಡ್ಡವರಾದ ಮೇಲೆ ಭಾಷಾತಜ್ಞ ಜಾನ್ ರಡ್ಡರ್ ಜತೆ ಕುಳಿತು ವಿರಾಜುರಿ ನಿಘಂಟನ್ನು ರೂಪಿಸಿದರು. ಆಮೇಲೆ ಚಾರ್ಲ್ಸ್ ಸ್ಟರ್ಟ್ ವಿಶ್ವವಿದ್ಯಾಲಯದಲ್ಲಿ ಆ ಭಾಷೆಯನ್ನು ಕಲಿತು ಪ್ರಮಾಣಪತ್ರ ಪಡೆಯುವ ಅವಕಾಶವೂ ಬಂತು. ಅಜ್ಜನ ಸೆರೆಯಿಂದ ಮೊಮ್ಮಗನ ತರಗತಿಯವರೆಗಿನ ಈ ದಾರಿಯನ್ನು ನೆನೆದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

ಹೊರಗಿನವರು ಪುಸ್ತಕ ಹಿಡಿದು ಬಂದು ಪದಗಳನ್ನು ಬರೆದುಕೊಂಡು ಹೋದ ಕಥೆಯೂ ಅಷ್ಟೇ ಹಳೆಯದು. 1790ರ ಸುಮಾರಿಗೆ ಸಿಡ್ನಿಯಲ್ಲಿ ವಿಲಿಯಂ ಡಾಸ್ ಎಂಬ ನೌಕಾ ಸೈನಿಕ ದಳದ ಅಧಿಕಾರಿ, ಪಟ್ಯೆಗರಂಗ್ ಎಂಬ ಎಳೆಯ ಹುಡುಗಿಯಿಂದ ಅಲ್ಲಿನ ಭಾಷೆ ಕಲಿತು ಟಿಪ್ಪಣಿ ಮಾಡಿಕೊಂಡ. ಅದರಲ್ಲಿ ‘ಪುಟುವಾ’ ಎಂಬ ಒಂದು ಕ್ರಿಯಾಪದವಿದೆ. ಬೆಂಕಿಗೆ ಕೈ ಕಾಯಿಸಿಕೊಂಡು, ಆಮೇಲೆ ಇನ್ನೊಬ್ಬರ ಬೆರಳುಗಳನ್ನು ಮೆಲ್ಲಗೆ ಒತ್ತುವುದು ಎಂದು ಅರ್ಥ. ಇಷ್ಟನ್ನು ಒಂದೇ ಪದದಲ್ಲಿ ಹೇಳುವ ಜನ ಹೇಗೆ ಬದುಕಿದ್ದರು ಎಂದು ಯೋಚಿಸಿ. ಆ ಟಿಪ್ಪಣಿ ಪುಸ್ತಕಗಳು ಇರುವುದು ಲಂಡನ್ನಿನಲ್ಲಿ. ಅವು ಉಳಿದದ್ದು ಭಾಗ್ಯವೇ, ಅವುಗಳಿಂದಲೇ ಎಷ್ಟೋ ಪದಗಳು ಇಂದು ಮರಳಿ ಬಂದಿವೆ. ಆದರೆ ತನ್ನ ಮಾತು ಕಡಲಾಚೆಗೆ ಹೋಗಿ ಕುಳಿತುಕೊಳ್ಳಲಿ ಎಂದು ಆ ಹುಡುಗಿಯನ್ನು ಯಾರಾದರೂ ಕೇಳಿದ್ದರೇ? ಎರಡು ಶತಮಾನಗಳ ನಂತರ, ಒಳ್ಳೆಯ ಉದ್ದೇಶದಿಂದಲೇ, ನಾನೂ ಕೇಳಿರಲಿಲ್ಲ.

ಇನ್ನೊಂದು ಸಂಗತಿ ನನಗೆ ಗೊತ್ತಿದ್ದೂ ಹೊಳೆಯಲಿಲ್ಲ. ಇಲ್ಲಿನ ಅನೇಕ ಸಮುದಾಯಗಳಲ್ಲಿ ತೀರಿಕೊಂಡವರ ಹೆಸರು, ಚಿತ್ರ, ಧ್ವನಿಗಳನ್ನು ಕುಟುಂಬದ ಒಪ್ಪಿಗೆಯಿಲ್ಲದೆ ಬಳಸುವುದಿಲ್ಲ. ಟಿವಿಯಲ್ಲಿ ಕಾರ್ಯಕ್ರಮಕ್ಕೆ ಮೊದಲು ಬರುವ ಆ ಎಚ್ಚರಿಕೆಯ ಸಾಲುಗಳನ್ನು ವರ್ಷಗಳಿಂದ ನೋಡಿದ್ದೆ. ನೋಡಿದ್ದಕ್ಕೂ ಅರ್ಜಿ ಬರೆಯುವ ಕೈಗೂ ಸಂಬಂಧವೇ ಬೆಳೆದಿರಲಿಲ್ಲ.

ಮುಂದಿನ ವಾರ ಆಂಟಿಯ ಅಡುಗೆಮನೆಯ ಮೇಜಿನ ಸುತ್ತ ಏಳು ಜನ ಕುಳಿತೆವು. ನಾನು ಒಪ್ಪಂದದ ಪ್ರತಿಯನ್ನು ಸಾಲು ಸಾಲಾಗಿ ಓದಿದೆ, ಅವರು ಒಂದೊಂದಕ್ಕೂ ತೀರ್ಮಾನ ಹೇಳಿದರು. ಸಂಜೆಯ ಹೊತ್ತಿಗೆ ಮೂರು ಗುಂಪುಗಳಾದವು. ಶುಭಾಶಯ, ಪ್ರಾಣಿ ಪಕ್ಷಿಗಳ ಹೆಸರು, ಮಕ್ಕಳ ಆಟದ ಮಾತು ಎಲ್ಲರಿಗೂ ಇರಲಿ. ನದಿ ಮತ್ತು ಜಾಗಗಳ ಕಥೆಗಳು ಊರಿನ ಮಕ್ಕಳಿಗೆ, ಹಿರಿಯರೊಬ್ಬರು ಜತೆಗಿದ್ದು ಹೇಳಿದಾಗ ಮಾತ್ರ. ಅಜ್ಜಿಯ ಕ್ಯಾಸೆಟ್ ಮನೆಯವರಿಗೆ, ಅದರ ಗಣಕ ಪ್ರತಿಯೂ ಅವರ ಮನೆಯಲ್ಲೇ. ಅನುದಾನ ಕೊಟ್ಟವರಿಗೆ ನಾನು ಪತ್ರ ಬರೆದು, ಸಾಲನ್ನು ನಾನೇ ಬರೆದದ್ದೆಂದೂ, ಹಿರಿಯರನ್ನು ಕೇಳದೆ ಬರೆದದ್ದೆಂದೂ ಒಪ್ಪಿಕೊಂಡು ಬದಲಾವಣೆ ಕೇಳಿದೆ. ಹತ್ತು ದಿನಗಳಲ್ಲಿ ಒಪ್ಪಿಗೆ ಬಂತು. ನಾನು ಅಷ್ಟು ಹೆದರಬೇಕಾಗಿಯೇ ಇರಲಿಲ್ಲ. ಭಾಷೆಗೆ ಹಣ ಕೊಡುವವರಿಗೆ ಈ ಮಾತು ಹೊಸದಲ್ಲ, ಪದಗಳು ಯಾರ ಸ್ವತ್ತು, ಒಪ್ಪಿಗೆ ಯಾರದು ಎಂದು ಅರ್ಜಿಯಲ್ಲೇ ಒಂದು ಪ್ರಶ್ನೆ ಇತ್ತು. ಅದಕ್ಕೆ ನಾನು ‘ಸಮುದಾಯದ್ದು’ ಎಂದು ಒಂದೇ ಪದ ಬರೆದು ಮುಂದೆ ಹೋಗಿದ್ದೆ. ಸಮುದಾಯ ಎಂದರೆ ಯಾರು, ಯಾವ ಮೇಜಿನ ಸುತ್ತ ಕುಳಿತವರು?

ಈ ರಾಜ್ಯದಲ್ಲಿ 2017ರಲ್ಲೇ ಮೂಲನಿವಾಸಿ ಭಾಷೆಗಳ ಕಾಯ್ದೆ ಬಂದಿದೆ. ಆಸ್ಟ್ರೇಲಿಯಾದಲ್ಲಿ ಅಂಥ ಕಾಯ್ದೆ ತಂದ ಮೊದಲ ರಾಜ್ಯವಿದು. ಅದರಡಿ 2020ರಲ್ಲಿ ಮೂಲನಿವಾಸಿಗಳೇ ಆಡಳಿತ ಮಂಡಳಿಯಲ್ಲಿರುವ ಭಾಷಾ ಟ್ರಸ್ಟ್ ಆರಂಭವಾಯಿತು. ಭಾಷೆ ಅದನ್ನಾಡುವ ಜನರ ಕೈಯಲ್ಲಿರಬೇಕು ಎಂಬುದು ಅದರ ತಿರುಳು. ಕಾಗದದಲ್ಲಿ ಅಷ್ಟು ಸ್ಪಷ್ಟವಾಗಿದ್ದದ್ದನ್ನು ನನ್ನಂಥ ಮಧ್ಯದವರು ಅವಸರದಲ್ಲಿ ಕದಡಿಬಿಡುತ್ತೇವೆ. ಯುನೆಸ್ಕೋದ ಅಪಾಯದಂಚಿನ ಭಾಷೆಗಳ ಪಟ್ಟಿಯಲ್ಲಿ ನಮ್ಮ ಕೊರಗ, ಕೊಡವ, ತುಳು ಭಾಷೆಗಳೂ ಇವೆ. ಅಲ್ಲಿ ಮೊಬೈಲ್ ಹಿಡಿದು ಹಿರಿಯರ ಮಾತು ದಾಖಲಿಸಲು ಹೊರಡುವ ಉತ್ಸಾಹಿಗಳನ್ನು ಕಂಡರೆ ನನಗೆ ಪ್ರೀತಿ. ಅವರು ನನ್ನ ತಪ್ಪನ್ನು ಮಾಡದಿರಲಿ ಎಂಬ ಆಸೆಯೂ ಈ ಬರಹಕ್ಕೆ ಒಂದು ಕಾರಣ.

ಹಣದ ವಿಷಯದಲ್ಲಿ ಕಲಿತದ್ದನ್ನು ಬೇಗ ಹೇಳಿಬಿಡುತ್ತೇನೆ. ಭಾಷೆ ಬಲ್ಲ ಹಿರಿಯರಿಗೆ ಸಂಭಾವನೆ ಮೊದಲ ಸಾಲಿನಲ್ಲಿರಬೇಕು. ನನ್ನ ಮೊದಲ ಆಯವ್ಯಯದಲ್ಲಿ ವಿನ್ಯಾಸಕಾರನಿಗೆ ಗಂಟೆಯ ದರವಿತ್ತು, ಮುದ್ರಕನಿಗೆ ಇತ್ತು, ಆಂಟಿಗೆ ‘ಸ್ವಯಂಸೇವೆ’ ಎಂದಿತ್ತು. ಅದನ್ನು ಈಗ ಓದಿದರೆ ನಾಚಿಕೆಯಾಗುತ್ತದೆ. ಇಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ನೂರಾರು ಕಿಲೋಮೀಟರ್, ಪೆಟ್ರೋಲಿಗೆ ದುಡ್ಡಿಡಬೇಕು. ಊಟಕ್ಕೆ ಇಡಬೇಕು, ಏಕೆಂದರೆ ಮಾತು ಬಿಚ್ಚಿಕೊಳ್ಳುವುದು ಊಟದ ಹೊತ್ತಿಗೆ. ನೋಂದಣಿಯಿಲ್ಲದ ಗುಂಪು ಬೇರೊಂದು ಸಂಸ್ಥೆಯ ಆಶ್ರಯದಲ್ಲಿ ಹಣ ಪಡೆಯುವುದಾದರೆ ಆ ಸಂಸ್ಥೆಯ ಪಾಲು, ಸಭಾಂಗಣ ಹಿಡಿಯಲು ಬೇಕಾದ ವಿಮೆ, ಇವನ್ನೂ ಮೊದಲೇ ಬರೆಯಬೇಕು.

ಸಮಯದ್ದು ಇದಕ್ಕಿಂತ ದೊಡ್ಡ ಪಾಠ. ಇಲ್ಲಿ ಯಾರಾದರೂ ತೀರಿಕೊಂಡರೆ ‘ಸಾರಿ ಬಿಸಿನೆಸ್’ ಎನ್ನುತ್ತಾರೆ, ನಮ್ಮ ಸೂತಕಕ್ಕೆ ಹತ್ತಿರದ್ದು. ಬಂಧುಗಳೆಲ್ಲ ದೂರದೂರದಿಂದ ಬಂದು ಸೇರುತ್ತಾರೆ, ಬೇರೆ ಕೆಲಸಗಳು ನಿಲ್ಲುತ್ತವೆ. ನಮ್ಮ ಯೋಜನೆಯ ನಡುವೆ ಎರಡು ಸಾವುಗಳಾದವು, ಏಳು ವಾರ ಒಂದು ಪದವೂ ದಾಖಲಾಗಲಿಲ್ಲ. ಇಲ್ಲಿನ ಆರ್ಥಿಕ ವರ್ಷ ಜೂನ್ 30ಕ್ಕೆ ಮುಗಿಯುತ್ತದೆ, ಲೆಕ್ಕದವನಾದ ನನಗೆ ಆ ದಿನಾಂಕ ಎದೆಯ ಮೇಲೆ ಕುಳಿತಂತಿತ್ತು. ಒಮ್ಮೆ ಫೋನ್ ಮಾಡಿ ನೆನಪಿಸೋಣವೇ ಎಂದು ಕೈಗೆತ್ತಿಕೊಂಡು ಕೆಳಗಿಟ್ಟೆ. ಯಾರಾದರೂ ನಮ್ಮ ಮನೆಯ ಹದಿಮೂರನೆಯ ದಿನಕ್ಕೆ ಮೊದಲು ರಸೀದಿ ಕೇಳಿದರೆ ಹೇಗಿರುತ್ತದೆ? ಈಗ ನಾನು ಬರೆಯುವ ಪ್ರತಿ ಭಾಷಾ ಅರ್ಜಿಯಲ್ಲೂ ಎರಡು ತಿಂಗಳು ಖಾಲಿ ಇಡುತ್ತೇನೆ, ಅದು ಏಕೆಂದು ಬರೆದೂ ಇಡುತ್ತೇನೆ. ವಿರಾಜುರಿಯಲ್ಲಿ ‘ಯಿಂಜಮರ್ರ’ ಎಂಬ ಮಾತಿದೆ. ಗೌರವ, ಸೌಮ್ಯತೆ, ನಿಧಾನವಾಗಿ ಹೆಜ್ಜೆಯಿಡುವುದು, ಇಷ್ಟೂ ಅದರಲ್ಲಿ ಅಡಗಿವೆ. ನಿಧಾನವೂ ಗೌರವವೂ ಒಂದೇ ಪದದೊಳಗೆ ಇರುವುದನ್ನು ನಾನು ಆ ಏಳು ವಾರಗಳಲ್ಲಿ ಕಲಿತೆ.

ಯೋಜನೆಯ ಭಾಗವಾಗಿದ್ದ ಮಕ್ಕಳ ಭಾಷಾ ತರಗತಿಗಳು ಮತ್ತೆ ಶುರುವಾದ ಮೊದಲ ಶನಿವಾರದ ಒಂದು ಚಿತ್ರ ನನ್ನ ಕಣ್ಣಲ್ಲಿ ಉಳಿದಿದೆ. ಕೂಕಬರ್ರಾ ಎಂಬ ಇಲ್ಲಿನ ಹಕ್ಕಿಯ ಇಂಗ್ಲಿಷ್ ಹೆಸರು ವಿರಾಜುರಿಯಿಂದ ಬಂದದ್ದು, ನದಿಯಿಂದ ಬೇರ್ಪಟ್ಟ ಮಡುವಿಗೆ ಹೇಳುವ ಬಿಲ್ಲಬಾಂಗ್ ಎಂಬ ಮಾತೂ ಹಾಗೆಯೇ ಎಂದು ಆಂಟಿ ಹೇಳಿದಾಗ ಮಕ್ಕಳು ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತರು. ಆಮೇಲೆ ‘ನಾನು’ ಎನ್ನುವ ಪದ. ಅದು ಇಂಗ್ಲಿಷರ ನಾಲಿಗೆ ಪದದ ಮೊದಲಲ್ಲಿ ಎಂದೂ ಇಡದ ಧ್ವನಿಯಿಂದ ಶುರುವಾಗುತ್ತದೆ. ಮಕ್ಕಳು ನದು ಎಂದರು, ಗದು ಎಂದರು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ನನಗೆ ಒಂದನೆಯ ತರಗತಿಯಲ್ಲಿ ಕುಳಿತಂತಾಯಿತು. ಕ ಖ ಗ ಘ ಙ. ಬಾಯಿಪಾಠ ಮಾಡಿ, ಆಮೇಲೆ ಒಂದು ಪದದ ಮೊದಲಲ್ಲೂ ಬರೆಯದೆ ಬಿಟ್ಟ ಆ ಐದನೆಯ ಅಕ್ಷರ! ವಿರಾಜುರಿಯ ‘ನಾನು’ ಕನ್ನಡದ ಲಿಪಿಯಲ್ಲಿ ಕೂದಲೆಳೆಯಷ್ಟೂ ಕೊರೆಯಿಲ್ಲದೆ ಕೂರುತ್ತದೆ: ಙದು. ಹಲ್ಲಿಗೆ ತಾಗುವ ಆ ದಕಾರವೂ ನಮ್ಮದೇ. ತಾಯ್ನೆಲಕ್ಕೆ ಅವರು ಹೇಳುವ ಙುರಂಬಙ್ ಎಂಬ ಪದದಲ್ಲಂತೂ ಅದು ಮೊದಲಲ್ಲೂ ಇದೆ, ಕೊನೆಯಲ್ಲೂ ಇದೆ.

ವಿರಾಮದಲ್ಲಿ ಆಂಟಿಗೆ ಇದನ್ನು ಹೇಳಿದೆ. ಬರೆದು ತೋರಿಸು ಎಂದರು. ಬಿಳಿಹಲಗೆಯ ಮೂಲೆಯಲ್ಲಿ ಙ ಎಂದು ದೊಡ್ಡದಾಗಿ ಬರೆದೆ. ಅವರು ಬೆರಳಿನಿಂದ ಗಾಳಿಯಲ್ಲಿ ಅದರ ಸುಳಿಯನ್ನು ಎರಡು ಸಲ ತಿದ್ದಿದರು. ಇದನ್ನು ನಿಮ್ಮ ಮಕ್ಕಳು ಎಷ್ಟು ವಯಸ್ಸಿಗೆ ಕಲಿಯುತ್ತಾರೆ ಎಂದು ಕೇಳಿದರು. ಐದು ಆರಕ್ಕೆ ಎಂದೆ. ನಮ್ಮವರೂ ಕಲಿಯುತ್ತಾರೆ ಬಿಡು, ಎಂದು ಮಕ್ಕಳ ಕಡೆಗೆ ತಿರುಗಿದರು.

ಎರಡನೆಯ ವರ್ಷದ ಅರ್ಜಿಯನ್ನು ನಾವು ಮೊದಲ ದಿನದಿಂದಲೇ ಅವರ ಅಡುಗೆಮನೆಯಲ್ಲಿ ಬರೆದೆವು. ಅವರು ಹೇಳಿದರು, ನಾನು ಟೈಪ್ ಮಾಡಿದೆ, ಮತ್ತೆ ಓದಿ ಹೇಳಿದೆ. ಎಷ್ಟು ಜನರಿಗೆ ಪ್ರಯೋಜನ ಎಂಬ ಪ್ರಶ್ನೆ ಬಂದಾಗ ಆಂಟಿ ಬೆರಳು ಮಡಿಸುತ್ತ ಒಂದೊಂದು ಮನೆಯನ್ನೂ, ಆ ಮನೆಯಲ್ಲಿರುವವರನ್ನೂ ಹೆಸರು ಹಿಡಿದು ಎಣಿಸಿದರು. ಇಪ್ಪತ್ತೆರಡಕ್ಕೆ ನಿಲ್ಲಿಸಿ, ಒಂದು ಗಳಿಗೆ ಯೋಚಿಸಿ, ಮೊಮ್ಮಗಳ ಹೊಟ್ಟೆಯಲ್ಲಿರುವ ಕೂಸನ್ನೂ ಸೇರಿಸು ಎಂದರು. 23 ಎಂದು ಬರೆದೆ.