ಕಿಡಿಗೆ ಜಾಗ ಬಿಡುವುದು

ನವೆಂಬರ್ 18, 2025, ಮಂಗಳವಾರ

ಬೆಂಚಿನ ಮೇಲೆ ಇವತ್ತು ಎರಡು ಸ್ಪಾರ್ಕ್ ಪ್ಲಗ್. ಒಂದು ಎನ್‌ಜಿಕೆ ಕಂಪನಿಯ ಬಿಪಿಆರ್6ಇಎಸ್, 14 ಮಿ.ಮೀ. ಥ್ರೆಡ್ಡಿನ ಸಾದಾ ನಿಕ್ಕಲ್ ಪ್ಲಗ್, ಚೆನ್ನಾಗಿ ಓಡಿ ಸವೆದದ್ದು. ಇನ್ನೊಂದು ಅದೇ ಅಳತೆಯ ಹೊಸ ಇರಿಡಿಯಂ ಪ್ಲಗ್.

ಸವೆದದ್ದನ್ನು ಭೂತಗನ್ನಡಿ ಹಿಡಿದು ನೋಡಬೇಕು. ಹೊಸದಿದ್ದಾಗ ಕಿಡಿ ಹಾರಿಸುವ ಅದರ ನಡುಕಡ್ಡಿ ಸುಮಾರು 2.5 ಮಿ.ಮೀ. ದಪ್ಪ, ತುದಿ ಚಪ್ಪಟೆ, ಸುತ್ತಲ ಅಂಚು ಚೂಪು. ಈಗ ಆ ಅಂಚು ಬರೆದು ಬರೆದು ಸವೆದ ಬಳಪದ ಹಾಗೆ ದುಂಡಗಾಗಿದೆ. ಮೇಲೆ ಬಾಗಿ ನಿಂತಿರುವ ಅರ್ತಿನ ಕೊಕ್ಕೆಯ ಒಳಮೈಯಲ್ಲಿ ಬಟ್ಟಲಿನಂಥ ಸಣ್ಣ ತಗ್ಗು ಬಿದ್ದಿದೆ. ಕಡ್ಡಿಗೂ ಕೊಕ್ಕೆಗೂ ನಡುವಿನ ಗ್ಯಾಪು 0.8 ಮಿ.ಮೀ. ಇರಬೇಕಿತ್ತು. ಫೀಲರ್ ಗೇಜಿನ ಚಪ್ಪಟೆ ಎಲೆ ತೂರಿಸಿದರೆ 0.9 ಅನ್ನುತ್ತದೆ, ತಂತಿ ಗೇಜ್ ಹಾಕಿದರೆ 1.1. ಚಪ್ಪಟೆ ಎಲೆ ತಗ್ಗಿನ ದಡದ ಮೇಲೆ ಕೂರುತ್ತದೆ, ತಗ್ಗಿನ ಆಳ ಲೆಕ್ಕಕ್ಕೆ ಸಿಗುವುದಿಲ್ಲ. ಓಡಿದ ಪ್ಲಗ್ಗನ್ನು ತಂತಿ ಗೇಜಿನಲ್ಲೇ ಅಳೆಯಬೇಕು.

ಅಂಚು ದುಂಡಗಾದರೆ ಏನು ನಷ್ಟ? ಚೂಪು ಅಂಚಿನಲ್ಲಿ ವಿದ್ಯುತ್ ಕ್ಷೇತ್ರ ಒತ್ತೊತ್ತಾಗಿ ಸೇರುತ್ತದೆ, ಕಡಿಮೆ ವೋಲ್ಟೇಜಿಗೇ ಕಿಡಿ ಹಾರುತ್ತದೆ. ದುಂಡಗಾದರೆ ಹೆಚ್ಚು ವೋಲ್ಟೇಜ್ ಬೇಕು, ಅದರ ಮೇಲೆ ಗ್ಯಾಪೂ ಹೆಚ್ಚಿದ್ದರೆ ಇನ್ನಷ್ಟು ಬೇಕು. ಆ ಹೊರೆ ಬೀಳುವುದು ವೋಲ್ಟೇಜ್ ಹುಟ್ಟಿಸುವ ಕಾಯಿಲ್ ಮೇಲೆ, ಪ್ಲಗ್ ಕ್ಯಾಪಿನ ರಬ್ಬರಿನ ಮೇಲೆ. ಒಳಗೆ ಹಾರಲಾಗದ ಕಿಡಿ ಹೊರಗಿನ ಪಿಂಗಾಣಿಯ ಮೈಮೇಲೆ ಹರಿದು ಷಟ್ಕೋನದ ಲೋಹಕ್ಕೆ ಬಡಿಯುತ್ತದೆ. ಪಿಂಗಾಣಿಯ ಮೇಲೆ ಬಳೆಗಳಂತೆ ಏಣು ಎಬ್ಬಿಸಿರುವುದು ಆ ದಾರಿಯನ್ನು ಉದ್ದ ಮಾಡಲಿಕ್ಕೆ. ಲೋಹದ ಕಟ್ಟಿನ ಪಕ್ಕದಲ್ಲೇ ಕಂದು ಬಣ್ಣದ ಉಂಗುರ ಕಂಡರೆ ಮಾತ್ರ ಗಾಬರಿ ಬೇಡ. ಎಂಜಿನ್ ಗ್ಯಾಸ್ ಸೋರಿ ಆದ ಕಲೆಯಲ್ಲ ಅದು. ಗಾಳಿಯಲ್ಲಿನ ಎಣ್ಣೆಯ ಕಣಗಳನ್ನು ವಿದ್ಯುತ್ ಕ್ಷೇತ್ರ ಎಳೆದು ಅಂಟಿಸಿರುತ್ತದೆ. ಪಿಂಗಾಣಿಯ ಮೇಲೆ ಪೆನ್ಸಿಲ್ ಗೆರೆಯಂಥ ಉದ್ದದ ಕಪ್ಪು ಗೆರೆ ಇದ್ದರೆ ಅದು ಕಿಡಿ ಹರಿದ ದಾರಿ. ಆ ಪ್ಲಗ್ಗೂ ಅದರ ಕ್ಯಾಪೂ ಎರಡೂ ಬದಲಾಗಬೇಕು.

ಪ್ಲಗ್ ಸುಧಾರಿಸಬೇಕು ಎಂದ ಕೂಡಲೇ ಕಿಡಿ ಜೋರಾಗಬೇಕು ಅನ್ನುವವರೇ ಹೆಚ್ಚು. ಲೆಕ್ಕ ಹಾಕಿ ನೋಡಿ. ಪೆಟ್ರೋಲ್ ಮತ್ತು ಗಾಳಿ ಸರಿಯಾದ ಪ್ರಮಾಣದಲ್ಲಿ ಬೆರೆತು ನಿಶ್ಚಲವಾಗಿದ್ದರೆ ಹೊತ್ತಿಕೊಳ್ಳಲು ಕಾಲು ಮಿಲಿಜೂಲಿನಷ್ಟು ಶಕ್ತಿ ಸಾಕು. ಸಾಮಾನ್ಯ ಕಾಯಿಲ್ ಕೊಡುವುದು ಅದರ ನೂರಾರು ಪಟ್ಟು, 30ರಿಂದ 100 ಮಿಲಿಜೂಲ್. ಅಷ್ಟಿದ್ದರೂ ಮಿಸ್ಸಿಂಗ್ ಹೊಡೆಯುವುದು ಯಾಕೆಂದರೆ, ಕಿಡಿ ಹಾರಿದಲ್ಲಿ ಮೊದಲು ಹುಟ್ಟುವುದು ಸಾಸಿವೆ ಕಾಳಿನಷ್ಟು ಬೆಂಕಿಯ ಉಂಡೆ. ಅದರ ಒಂದು ಕಡೆ ನಡುಕಡ್ಡಿ, ಇನ್ನೊಂದು ಕಡೆ ಕೊಕ್ಕೆ. ಎರಡೂ ಅದಕ್ಕಿಂತ ತಣ್ಣಗಿರುವ ಲೋಹ, ಎರಡೂ ಅದರ ಶಾಖ ಹೀರುತ್ತವೆ. ಒಲೆಯಲ್ಲಿ ಎಳೆ ಉರಿ ಏಳುವ ಮೊದಲೇ ಹಸಿ ಕಟ್ಟಿಗೆ ಒತ್ತಿದ ಹಾಗೆ. ಉಂಡೆ ಬೆಳೆದು ತನ್ನ ಕಾಲ ಮೇಲೆ ತಾನು ನಿಲ್ಲುವ ತನಕ ಲೋಹ ಅದಕ್ಕೆ ಅಡ್ಡ ಬರಬಾರದು. ಆದರೆ ಲೋಹ ತೆಳುವಾದಷ್ಟೂ ಬೇಗ ಕಾಯುತ್ತದೆ, ಬೇಗ ಸವೆಯುತ್ತದೆ. ಪ್ಲಗ್ ವಿನ್ಯಾಸದ ಕಷ್ಟವೆಲ್ಲ ಈ ಎರಡರ ಜಗ್ಗಾಟದಲ್ಲಿದೆ.

ಇರಿಡಿಯಂ ಆ ಜಗ್ಗಾಟಕ್ಕೆ ಸಿಕ್ಕ ಒಳ್ಳೆಯ ಉತ್ತರ. ನಿಕ್ಕಲ್ ಕರಗುವುದು 1,455 ಡಿಗ್ರಿ ಸೆಲ್ಸಿಯಸ್ಸಿಗೆ, ಪ್ಲಾಟಿನಂ 1,768ಕ್ಕೆ, ಇರಿಡಿಯಂ 2,446ಕ್ಕೆ. ಹಾಗಾಗಿ ನಡುಕಡ್ಡಿಯ ತುದಿಯನ್ನು 0.6 ಮಿ.ಮೀ.ಗೆ, ಕೆಲವು ಪ್ಲಗ್ಗುಗಳಲ್ಲಿ 0.4 ಮಿ.ಮೀ.ಗೆ ಇಳಿಸಿದರೂ ಅದು ಬಾಳುತ್ತದೆ. ಒಂದೇ ಏಟಿಗೆ ಎರಡು ಲಾಭ: ಕಿಡಿಗೆ ಬೇಕಾದ ವೋಲ್ಟೇಜ್ ಇಳಿಯಿತು, ಉಂಡೆಯ ಶಾಖ ಹೀರುವ ಲೋಹವೂ ಕಡಿಮೆಯಾಯಿತು. ಶುದ್ಧ ಇರಿಡಿಯಂ ಹೆಚ್ಚು ಬಿಸಿಯಲ್ಲಿ ಆಮ್ಲಜನಕದೊಂದಿಗೆ ಸೇರಿ ಆವಿಯಾಗಿ ಹೋಗುತ್ತದೆ, ಅದಕ್ಕೇ ರೋಡಿಯಂ ಬೆರೆಸಿದ ಮಿಶ್ರಲೋಹ ಬಳಸುತ್ತಾರೆ. ಆ ಚಿಕ್ಕ ತುಂಡನ್ನು ನಿಕ್ಕಲ್ ಕಡ್ಡಿಗೆ ಲೇಸರ್ ಬೆಸುಗೆಯಿಂದ ಕೂರಿಸುತ್ತಾರೆ; ಭೂತಗನ್ನಡಿಯಲ್ಲಿ ಕತ್ತಿನ ಸುತ್ತ ಬೆಸುಗೆಯ ಪಟ್ಟಿ ಕಾಣುತ್ತದೆ. ಎದುರಿನ ಕೊಕ್ಕೆ ಬರೀ ನಿಕ್ಕಲ್ ಆಗಿದ್ದರೆ ಅದೇ ಮೊದಲು ಸವೆಯುತ್ತದೆ. ಹೆಚ್ಚು ಬಾಳಿಕೆಗೆಂದು ಮಾಡಿದ ಪ್ಲಗ್ಗಿನ ಕೊಕ್ಕೆಗೆ ಪ್ಲಾಟಿನಂ ಬಿಲ್ಲೆ ಇರುತ್ತದೆ. ಕೊಳ್ಳುವಾಗ ಆ ಬಿಲ್ಲೆ ಇದೆಯೇ ಎಂದು ನೋಡಿ, ಬೆಲೆಯ ವ್ಯತ್ಯಾಸ ಅಲ್ಲೇ ಇರುತ್ತದೆ.

ಈ ಪ್ಲಗ್ಗಿನ ಗ್ಯಾಪು ಹೊಂದಿಸುವಾಗ ಕೈ ಹಗುರವಿರಬೇಕು. ನಾಣ್ಯದಂಥ ದುಂಡು ಗೇಜನ್ನು ಕೊಕ್ಕೆಯ ಕೆಳಗೆ ತಳ್ಳಿ ಅಗಲಿಸಿದರೆ ಭಾರವೆಲ್ಲ ಆ ಸೂಜಿ ತುದಿಯ ಮೇಲೆ ಬಿದ್ದು ಅದು ಮುರಿಯುತ್ತದೆ, ಇಲ್ಲವೇ ಬೆಸುಗೆ ಸಡಿಲವಾಗುತ್ತದೆ. ಕೊಕ್ಕೆಯನ್ನು ಮಾತ್ರ ಹಿಡಿದು ಬಾಗಿಸಬೇಕು, ಸೂಜಿಗೆ ಏನೂ ತಾಗಬಾರದು. ವೈರ್ ಬ್ರಷ್ಷಂತೂ ಬೇಡವೇ ಬೇಡ. ಸಾದಾ ಪ್ಲಗ್ಗಿಗೂ ಅದು ಒಳ್ಳೆಯದಲ್ಲ: ಬ್ರಷ್ಷಿನ ಉಕ್ಕು ಪಿಂಗಾಣಿಗೆ ಉಜ್ಜಿ ಸೀಸದ ಕಡ್ಡಿ ಎಳೆದಂಥ ಗೆರೆ ಬಿಡುತ್ತದೆ, ಆ ಗೆರೆಯಲ್ಲಿ ವಿದ್ಯುತ್ ಸೋರುತ್ತದೆ.

ಕೊಕ್ಕೆ ನಾಲ್ಕಿದ್ದರೆ ಕಿಡಿ ನಾಲ್ಕು ಹಾರುವುದಿಲ್ಲ. ಒಂದು ಸಲಕ್ಕೆ ಒಂದೇ, ಆ ಗಳಿಗೆಗೆ ಯಾವುದು ಸುಲಭವೋ ಅದಕ್ಕೆ. ಸವೆತ ನಾಲ್ಕಕ್ಕೂ ಹಂಚಿಹೋಗುವುದರಿಂದ ಬಾಳಿಕೆ ಹೆಚ್ಚು, ಅಷ್ಟೇ. ಲೋಹವನ್ನು ಉಂಡೆಯಿಂದ ದೂರ ಸರಿಸುವ ಅಗ್ಗದ ಉಪಾಯ ತೋಡು ಕೊರೆಯುವುದು. ಪ್ಲಗ್ ಮಾಡುವ ಡೆನ್ಸೋ ಕಂಪನಿಯವರು ಕೊಕ್ಕೆಯ ಒಳಮೈಗೆ ಯು ಆಕಾರದ ತೋಡು ಹಾಕಿದರು, ಎನ್‌ಜಿಕೆಯವರು ನಡುಕಡ್ಡಿಯ ತಲೆಗೆ ವಿ ಆಕಾರದ ತೋಡು ಹಾಕಿದರು. ಕಿಡಿ ಅಂಚಿಗೆ ಸರಿಯುತ್ತದೆ, ಉಂಡೆಗೆ ಪಕ್ಕದಲ್ಲಿ ತೆರಪು ಸಿಗುತ್ತದೆ. ಬೆಲೆ ಹೆಚ್ಚಿಲ್ಲದೆ ನಿಜವಾಗಿ ಕೆಲಸ ಮಾಡುವ ಬದಲಾವಣೆ ಇದು.

ಅದೇ ತತ್ತ್ವವನ್ನು ಸಾದಾ ಪ್ಲಗ್ಗಿನಲ್ಲಿ ಕಣ್ಣಾರೆ ನೋಡಬೇಕಾದರೆ ಕೊಕ್ಕೆಯನ್ನು ಗಿಡ್ಡ ಮಾಡಬಹುದು. ಇವತ್ತು ಹೊಸ ಬಿಪಿಆರ್6ಇಎಸ್ ಒಂದಕ್ಕೆ ಮಾಡಿದ ಕೆಲಸದ ಕ್ರಮ ಹೀಗೆ. ಪ್ಲಗ್ಗನ್ನು ಷಟ್ಕೋನದ ಭಾಗದಲ್ಲಿ ವೈಸಿಗೆ ಹಿಡಿಸಬೇಕು. ಥ್ರೆಡ್ಡಿಗೂ ಪಿಂಗಾಣಿಗೂ ವೈಸ್ ತಾಗಕೂಡದು. ಕೊಕ್ಕೆಯನ್ನು 2 ಮಿ.ಮೀ.ಯಷ್ಟು ಎತ್ತಿ, ನಡುಕಡ್ಡಿ ಮತ್ತು ಪಿಂಗಾಣಿಯ ಮೂತಿಗೆ ಟೇಪ್ ಸುತ್ತಬೇಕು, ಲೋಹದ ಪುಡಿ ಒಳಗೆ ಬೀಳಬಾರದು. ಸಣ್ಣ ಚಪ್ಪಟೆ ಅರದಿಂದ ಕೊಕ್ಕೆಯ ತುದಿಯನ್ನು ಉಜ್ಜುತ್ತ ಬಂದು, ಬಾಗಿಸಿದಾಗ ಅದು ನಡುಕಡ್ಡಿಯ ಅರ್ಧ ಭಾಗವನ್ನು ಮಾತ್ರ ಮುಚ್ಚುವಷ್ಟಕ್ಕೆ ನಿಲ್ಲಿಸಬೇಕು. ಅಂಚಿನ ಮುಳ್ಳುಗಳನ್ನು ಎಮರಿ ಪೇಪರಿನಲ್ಲಿ ತೆಗೆಯಬೇಕು. ಬಿಟ್ಟರೆ ಆ ಮುಳ್ಳು ಎಂಜಿನ್ನಿನೊಳಗೆ ಕೆಂಪಗೆ ಕಾದು ಕಿಡಿಗಿಂತ ಮೊದಲೇ ಬೆಂಕಿ ಹಚ್ಚುತ್ತದೆ. ಟೇಪ್ ಬಿಚ್ಚಿ, ಗಾಳಿ ಹೊಡೆದು, ಗ್ಯಾಪು 0.8ಕ್ಕೆ ತಂದು, ಮಲ್ಟಿಮೀಟರಿನಲ್ಲಿ ಮೇಲಿನ ಟರ್ಮಿನಲ್ಲಿನಿಂದ ನಡುಕಡ್ಡಿಗೆ ಅಳೆಯಬೇಕು. ಹೆಸರಿನಲ್ಲಿ ಆರ್ ಇರುವ ಪ್ಲಗ್ಗಿನೊಳಗೆ ರೆಸಿಸ್ಟರ್ ಇರುತ್ತದೆ, ಸುಮಾರು 5 ಕಿಲೋಓಮ್ ತೋರಿಸಬೇಕು. ನಡುಕಡ್ಡಿಯಿಂದ ಥ್ರೆಡ್ಡಿಗೆ ಮೆಗ್ಗರ್ (ವಿದ್ಯುತ್ ಸೋರಿಕೆ ಅಳೆಯುವ ಮೀಟರ್) ಹಾಕಿದರೆ 10 ಮೆಗಾಓಮಿಗಿಂತ ಮೇಲಿರಬೇಕು, ಕೆಳಗಿದ್ದರೆ ಎಲ್ಲೋ ಪುಡಿ ಕೂತಿದೆ.

ಪರೀಕ್ಷೆಗೆ ಇದು ಸರಿ. ದಿನಾ ಓಡಿಸುವ ಗಾಡಿಗೆ ಬೇಡ. ಕಿಡಿಯೆಲ್ಲ ಒಂದೇ ಅಂಚಿಗೆ ಬೀಳುವುದರಿಂದ ಗ್ಯಾಪು ಬೇಗ ಹಿಗ್ಗುತ್ತದೆ. ಇಂಧನವನ್ನು ನೇರ ಸಿಲಿಂಡರಿನೊಳಗೇ ಸಿಂಪಡಿಸುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನಿಗೆ ಯಾವತ್ತೂ ಮಾಡಬಾರದು. ಅಲ್ಲಿ ಇಂಧನದ ತುಂತುರು ಎಲ್ಲಿಗೆ ಬರುತ್ತದೆ, ಕೊಕ್ಕೆ ಯಾವ ದಿಕ್ಕಿಗಿದೆ ಎಂಬುದೆಲ್ಲ ಲೆಕ್ಕ ಹಾಕಿ ಇಟ್ಟಿರುತ್ತಾರೆ.

ಪ್ಲಗ್ಗನ್ನು ಎಂಜಿನ್ನಿನ ಹೆಡ್ಡಿಗೆ ತಾಗಿಸಿ ಕಿಕ್ ಹೊಡೆದು ಕಿಡಿ ನೋಡುವ ಅಭ್ಯಾಸದ ಬಗ್ಗೆ ಒಂದು ಮಾತು. ಬಯಲು ಗಾಳಿಯಲ್ಲಿ 0.8 ಮಿ.ಮೀ. ದಾಟಲು ಮೂರು ನಾಲ್ಕು ಕಿಲೋವೋಲ್ಟ್ ಸಾಕು. ಸಿಲಿಂಡರಿನಲ್ಲಿ ಗಾಳಿ ಒತ್ತಿ ತುಂಬಿರುತ್ತದೆ, ಅದೇ ಗ್ಯಾಪಿಗೆ 10 ಕಿಲೋವೋಲ್ಟಿಗಿಂತ ಹೆಚ್ಚು ಬೇಕು, ಟರ್ಬೋ ಇದ್ದರೆ 30ರ ಮೇಲೂ ಹೋಗುತ್ತದೆ. ಹೊರಗೆ ನೀಲಿ ಕಿಡಿ ಕಂಡ ಮಾತ್ರಕ್ಕೆ ಒಳಗೆ ಹಾರುತ್ತದೆ ಅನ್ನುವಂತಿಲ್ಲ. 6 ಮಿ.ಮೀ. ಗ್ಯಾಪಿನ ಸ್ಪಾರ್ಕ್ ಟೆಸ್ಟರ್ ಇಟ್ಟು ನೋಡಿ, ಅದನ್ನು ದಾಟಿದರೆ ಕಾಯಿಲ್ ಗಟ್ಟಿ. ಪ್ಲಗ್ ಬಿಚ್ಚಿದ ತೂತಿನಿಂದ ಪೆಟ್ರೋಲಿನ ಆವಿ ಹೊರಗೆ ಬರುತ್ತಿರುತ್ತದೆ, ಟೆಸ್ಟರ್ ಅದರಿಂದ ದೂರ ಇರಲಿ.

ನವೆಂಬರ್ 19, ಬುಧವಾರ

ಇವತ್ತು ಶಾಖದ ಲೆಕ್ಕ. ಪಿಂಗಾಣಿಯ ಮೂತಿ 450ರಿಂದ 500 ಡಿಗ್ರಿ ದಾಟಿದರೆ ಮೇಲೆ ಕೂತ ಮಸಿ ತಾನಾಗಿ ಸುಟ್ಟುಹೋಗುತ್ತದೆ. 850 ದಾಟಿತೆಂದರೆ ಪ್ಲಗ್ಗೇ ಕೆಂಡವಾಗಿ ಸಮಯಕ್ಕೆ ಮೊದಲೇ ಬೆಂಕಿ ಹಚ್ಚುತ್ತದೆ, ಪಿಸ್ಟನ್ ತೂತಾಗುವುದು ಹೀಗೆ. ಮೂತಿ ಉದ್ದವಿದ್ದರೆ ಶಾಖ ಇಳಿಯುವ ದಾರಿ ದೂರ, ಅದು ಬಿಸಿ ಪ್ಲಗ್. ಗಿಡ್ಡವಿದ್ದರೆ ತಣ್ಣನೆಯದು. ನಡುಕಡ್ಡಿಯೊಳಗೆ ತಾಮ್ರದ ತಿರುಳು ತುಂಬಲು ಶುರುಮಾಡಿದ್ದು ದೊಡ್ಡ ಸುಧಾರಣೆ. ಮೂತಿಯನ್ನು ಉದ್ದ ಬಿಟ್ಟು ಮಸಿ ಸುಟ್ಟುಕೊಳ್ಳಲೂಬಹುದು, ಜೋರಾಗಿ ಓಡುವಾಗ ತಾಮ್ರದ ಮೂಲಕ ಶಾಖ ಇಳಿಸಲೂಬಹುದು.

ಪ್ಲಗ್ ಎಷ್ಟು ಬಿಸಿ, ಎಷ್ಟು ತಣ್ಣನೆಯದು ಎಂದು ಹೇಳುವ, ಅದರ ಹೆಸರಿನಲ್ಲೇ ಇರುವ ಶಾಖದ ಸಂಖ್ಯೆಯಲ್ಲಿ ತಪ್ಪುವವರು ಬಹಳ. ಎನ್‌ಜಿಕೆ, ಡೆನ್ಸೋ ಪ್ಲಗ್ಗುಗಳಲ್ಲಿ ಸಂಖ್ಯೆ ಏರಿದಷ್ಟೂ ತಣ್ಣನೆಯದು. ಬಾಷ್, ಚಾಂಪಿಯನ್‌ಗಳಲ್ಲಿ ಏರಿದಷ್ಟೂ ಬಿಸಿ. ಬಿಪಿಆರ್6ಇಎಸ್‌ಗೆ ಸಮನಾದದ್ದು ಬಾಷ್ ಡಬ್ಲ್ಯುಆರ್7ಡಿಸಿ, ಡೆನ್ಸೋ ಡಬ್ಲ್ಯು20ಇಪಿಆರ್, ಚಾಂಪಿಯನ್ ಆರ್‌ಎನ್9ವೈಸಿ. ನಮ್ಮ ಕಡೆ ಗೊಂದಲಕ್ಕೆ ಇನ್ನೊಂದು ಕಾರಣವಿದೆ. ಬಾಷ್‌ನ ಭಾರತೀಯ ಕಂಪನಿಯಾಗಿದ್ದ ಬೆಂಗಳೂರಿನ ಮೈಕೋದ ಪ್ಲಗ್ ಬಳಸಿ ಪಳಗಿದ ಹಿರಿಯ ಮೆಕ್ಯಾನಿಕ್ಕುಗಳ ನಾಲಗೆಯ ಮೇಲಿರುವುದು ಬಾಷ್‌ನ ಹಳೆಯ ಸಂಖ್ಯೆ, ಡಬ್ಲ್ಯು175, ಡಬ್ಲ್ಯು225 ಅಂತ. ಅಲ್ಲಿ ದೊಡ್ಡ ಸಂಖ್ಯೆಯೇ ತಣ್ಣನೆಯದು. ಹೊಸ ಪಟ್ಟಿಯಲ್ಲಿ 175 ಅಂದರೆ 7, 225 ಅಂದರೆ 5. ಹಳೆಯ ಲೆಕ್ಕದಲ್ಲಿ ‘ಒಂದು ಹೆಜ್ಜೆ ಮೇಲಿನದು ಕೊಡಪ್ಪ’ ಎಂದು ಕೇಳಿದರೆ ಬೇಕಾದದ್ದರ ಉಲ್ಟಾ ಸಿಗುತ್ತದೆ.

ಮೂತಿಯ ಶಾಖ ಕೊನೆಗೆ ಹೋಗುವುದು ಥ್ರೆಡ್ಡು ಮತ್ತು ವಾಷರಿನ ಮೂಲಕ ಹೆಡ್ಡಿಗೆ. ವಾಷರ್ ಸರಿಯಾಗಿ ಚಪ್ಪಟೆಯಾಗದಿದ್ದರೆ ಎಷ್ಟು ಒಳ್ಳೆಯ ಪ್ಲಗ್ಗಾದರೂ ಸುಡುತ್ತದೆ. ಎಂಜಿನ್ ತಣ್ಣಗಿರುವಾಗ ಬೆರಳಲ್ಲೇ ಪೂರ್ತಿ ತಿರುಗಿಸಿ ಕೂರಿಸಬೇಕು. ಆಮೇಲೆ ಹೊಸ ಪ್ಲಗ್ಗಾದರೆ ಸ್ಪ್ಯಾನರಿನಿಂದ ಅರ್ಧ ಸುತ್ತು, ಒಮ್ಮೆ ಹಾಕಿ ತೆಗೆದದ್ದಾದರೆ ಹನ್ನೆರಡನೇ ಒಂದು ಸುತ್ತು. ಟಾರ್ಕ್ ವ್ರೆಂಚ್ ಇದ್ದರೆ ಅಲ್ಯೂಮಿನಿಯಂ ಹೆಡ್ಡಿನಲ್ಲಿ 14 ಮಿ.ಮೀ. ಪ್ಲಗ್ಗಿಗೆ 25ರಿಂದ 30 ನ್ಯೂಟನ್ ಮೀಟರ್, 12 ಮಿ.ಮೀ.ಗೆ 15ರಿಂದ 20, ಬೈಕುಗಳ 10 ಮಿ.ಮೀ.ಗೆ 10ರಿಂದ 12. ಥ್ರೆಡ್ಡಿಗೆ ಗ್ರೀಸು, ಎಣ್ಣೆ ಹಚ್ಚಬೇಡಿ. ಜಾರುವುದರಿಂದ ಅದೇ ಟಾರ್ಕಿಗೆ ಪ್ಲಗ್ ಅತಿಯಾಗಿ ಬಿಗಿಯಾಗಿ ಥ್ರೆಡ್ಡೇ ಜಗ್ಗಿಹೋಗುತ್ತದೆ.

ಎರಡು ಸಿಲಿಂಡರಿಗೆ ಒಂದೇ ಕಾಯಿಲ್ ಇರುವ ಕಾರುಗಳಲ್ಲಿ ಒಂದು ಪ್ಲಗ್ಗಿನಲ್ಲಿ ಕಿಡಿ ಕಡ್ಡಿಯಿಂದ ಕೊಕ್ಕೆಗೆ, ಇನ್ನೊಂದರಲ್ಲಿ ಕೊಕ್ಕೆಯಿಂದ ಕಡ್ಡಿಗೆ ಹಾರುತ್ತದೆ. ಸವೆತವೂ ಹಾಗೇ ಬೇರೆ ಬೇರೆ. ಬಿಚ್ಚಿದ ಪ್ಲಗ್ಗುಗಳನ್ನು ಸಾಲಾಗಿ ಇಟ್ಟು ಆಯಾ ಸಿಲಿಂಡರಿಗೇ ಮರಳಿ ಹಾಕಬೇಕು.

ನವೆಂಬರ್ 20, ಗುರುವಾರ

ಗ್ಯಾಸ್ ಆಟೋದ ಪ್ಲಗ್. ಎಲ್‌ಪಿಜಿ, ಸಿಎನ್‌ಜಿ ಎರಡಕ್ಕೂ ಪೆಟ್ರೋಲಿಗಿಂತ ಹೆಚ್ಚು ವೋಲ್ಟೇಜ್ ಬೇಕು, ಹಾಗಾಗಿ ಗ್ಯಾಪು ಹೇಳಿದ ಮಿತಿಯ ಕೆಳ ಅಂಚಿನಲ್ಲಿರಲಿ. ಈ ಪ್ಲಗ್ಗುಗಳ ಬಣ್ಣ ನೋಡಿ ತೀರ್ಮಾನ ಮಾಡಲಾಗದು. ಗ್ಯಾಸ್ ಮಸಿ ಬಿಡುವುದು ಕಡಿಮೆ, ಸವೆದು ಹೋದ ಪ್ಲಗ್ಗೂ ಹೊಸದರ ಹಾಗೆ ಬೆಳ್ಳಗಿರುತ್ತದೆ. ಗ್ಯಾಪು ಅಳೆದೇ ನೋಡಬೇಕು.

ಪ್ಲಗ್ಗಿನ ತುದಿಗೆ ತೂತುಗಳಿರುವ ಟೊಪ್ಪಿ ಹಾಕಿ, ಅದರೊಳಗಿನ ಚಿಕ್ಕ ಕೋಣೆಯಲ್ಲಿ ಬೆಂಕಿ ಹಚ್ಚಿ, ತೂತುಗಳಿಂದ ಜ್ವಾಲೆಯ ಚಿಲುಮೆ ಹಾರಿಸುವುದು ಈಗಿನ ಹೊಸ ದಾರಿ. ಮಿಶ್ರಣ ಒಂದೇ ಕಡೆಯಿಂದ ಉರಿಯುತ್ತ ಬರುವ ಬದಲು ಏಕಕಾಲಕ್ಕೆ ಹಲವು ಕಡೆ ಹೊತ್ತಿಕೊಳ್ಳುತ್ತದೆ, ಇಂಧನ ಕಡಿಮೆಯಿರುವ ತೆಳು ಮಿಶ್ರಣವೂ ಉರಿಯುತ್ತದೆ. ಇಂಧನಕ್ಕೆ ಗಂಟೆಗೆ 100 ಕಿಲೋ ಮಿತಿ ಬಿದ್ದ 2014ರ ನಂತರದ ಫಾರ್ಮುಲಾ ಒನ್ ಎಂಜಿನ್ನುಗಳಲ್ಲಿ ಇದು ಬೇರೂರಿತು. 2020ರಲ್ಲಿ ಮಸೆರಾಟಿಯ ನೆಟ್ಟುನೋ ಎಂಜಿನ್ ಇದನ್ನು ರಸ್ತೆಯ ಕಾರಿಗೆ ತಂದಿತು. ತೊಂದರೆ ಇರುವುದು ನಿಧಾನ ಓಟದಲ್ಲಿ. ಐಡ್ಲಿಂಗಿನಲ್ಲಿ ಆ ಕೋಣೆಯೊಳಗಿನ ಸುಟ್ಟ ಗ್ಯಾಸ್ ಪೂರ್ತಿ ಹೊರಗೆ ಹೋಗುವುದಿಲ್ಲ, ಹೊಸ ಮಿಶ್ರಣ ಒಳಗೆ ಸಾಕಷ್ಟು ಬರುವುದಿಲ್ಲ. ಎಂಜಿನ್ ತಣ್ಣಗಿರುವಾಗ ಟೊಪ್ಪಿಯೇ ಜ್ವಾಲೆಯ ಶಾಖ ಹೀರುತ್ತದೆ. ನೆಟ್ಟುನೋದಲ್ಲಿ ಪ್ರತಿ ಸಿಲಿಂಡರಿಗೆ ಪಕ್ಕದಲ್ಲೊಂದು ಸಾದಾ ಪ್ಲಗ್ ಉಳಿಸಿಕೊಂಡಿದ್ದಾರೆ. 2003ರ ಪಲ್ಸರ್ ಡಿಟಿಎಸ್-ಐಯಲ್ಲಿ ಬಜಾಜ್‌ನವರು ಒಂದೇ ಸಿಲಿಂಡರಿಗೆ ಎರಡು ಸಾದಾ ಪ್ಲಗ್ ಕೊಟ್ಟದ್ದರ ಉದ್ದೇಶವೂ ಎರಡು ಕಡೆಯಿಂದ ಉರಿ ಹಚ್ಚುವುದೇ. ನಮ್ಮ ಬೆಲೆಯ ಬೈಕಿಗೆ ಅದು ಸೊಗಸಾಗಿ ಹೊಂದಿತು.

ಮಂಗಳವಾರ ಗಿಡ್ಡ ಮಾಡಿದ ಪ್ಲಗ್ಗನ್ನು ಸಂಜೆ ಬಿಚ್ಚಿ ನೋಡಿದಾಗ ಮೂತಿಯ ಬಣ್ಣ ತಿಳಿ ಕಂದು, ಕೊಕ್ಕೆಯ ಕತ್ತರಿಸಿದ ಅಂಚಿನಲ್ಲಿ ಮಾತ್ರ ಬೂದು ಹೊಳಪು: ಕಿಡಿ ಎಲ್ಲ ಅಲ್ಲಿಗೇ ಬೀಳುತ್ತಿದೆ. ಒರೆಸುವಾಗ ಅದು ಕೈಜಾರಿ ಸಿಮೆಂಟ್ ನೆಲಕ್ಕೆ ಬಿತ್ತು. ಹೊರಗೆ ಒಂದು ಗೀರೂ ಇಲ್ಲ. ಆದರೂ ಅದು ಕಸದ ಡಬ್ಬಿಗೇ. ಲೋಹದ ಕವಚದೊಳಗೆ ಪಿಂಗಾಣಿ ಕೂದಲೆಳೆಯಷ್ಟು ಬಿರಿದಿದ್ದರೆ ಮೆಗ್ಗರಿಗೂ ಸಿಗದು, ಏರು ರಸ್ತೆಯಲ್ಲಿ ಆಕ್ಸಿಲರೇಟರ್ ಪೂರ್ತಿ ತಿರುಗಿಸಿದಾಗ ಮಾತ್ರ ಆ ಬಿರುಕಿನಲ್ಲಿ ಕಿಡಿ ಹರಿದು ಮಿಸ್ಸಿಂಗ್ ಶುರುವಾಗುತ್ತದೆ.