ಅತ್ತೆ ಇಳಿದ ಸಮುದ್ರ

ಹವಾಯಿಯ ಕವಾಯಿ ದ್ವೀಪಕ್ಕೆ ಹೋದವರೆಲ್ಲ ನಾ ಪಾಲಿ ಬೆಟ್ಟಗಳ ಬಗ್ಗೆ, ವೈಮಿಯ ಕಣಿವೆಯ ಬಗ್ಗೆ ಬರೆಯುತ್ತಾರೆ. ಎರಡನ್ನೂ ನಾವೂ ನೋಡಿದೆವು, ಚೆನ್ನಾಗಿವೆ. ಕಣಿವೆಯಲ್ಲಿ ಮುಕ್ಕಾಲು ಹೊತ್ತು ಮಂಜೇ ಇತ್ತು. ನಾನು ಬರೆಯಬೇಕು ಅಂದುಕೊಂಡಿದ್ದು ಲಿಡ್‌ಗೇಟ್ ಬೀಚ್ ಪಾರ್ಕ್ ಬಗ್ಗೆ. ಅದು ಲಿಹುವೆ ವಿಮಾನ ನಿಲ್ದಾಣಕ್ಕೆ ಹತ್ತಿರದಲ್ಲೇ, ವೈಲುವಾ ನದಿ ಸಮುದ್ರ ಸೇರುವ ಜಾಗದ ಪಕ್ಕದಲ್ಲಿದೆ. ನಾವು ಹೋದಾಗ ಟಿಕೆಟ್ ಇರಲಿಲ್ಲ, ಪಾರ್ಕಿಂಗಿಗೂ ದುಡ್ಡಿರಲಿಲ್ಲ. ಮಗಳು ಆಟವಾಡಲಿ ಅಂತ ಸುಮ್ನೆ ಹೋದವರು, ಆಮೇಲೆ ಬೇರೆ ಕಡೆ ಹೋಗುವ ಪ್ಲಾನ್‌ಗಳನ್ನೆಲ್ಲ ಬಿಟ್ಟು ಮತ್ತೆ ಮತ್ತೆ ಅಲ್ಲಿಗೇ ಹೋದೆವು.

ಕಾರಣ ನಮ್ಮ ಅತ್ತೆ. ಅವರು ಅರಸೀಕೆರೆಯವರು, ತೆಂಗಿನ ತೋಟದಲ್ಲಿ ಬೆಳೆದವರು. ಮುರುಡೇಶ್ವರದಲ್ಲಿ ಒಮ್ಮೆ ಅಲೆ ಬಂದು ಕೆಡವಿದ ಮೇಲೆ ಸಮುದ್ರ ಅಂದರೆ ದೂರದಿಂದಲೇ ನಮಸ್ಕಾರ. ಸ್ಯಾನ್ ಹೋಸೆಯಲ್ಲಿರುವ ನಮ್ಮ ಮನೆಗೆ ಬಂದಿದ್ದರು. ಹವಾಯಿ ಅಂದಾಗ, "ನೀವು ಹೋಗಿ ಬನ್ನಿ, ನಾನು ಮನೆ ನೋಡ್ಕೋತೀನಿ" ಅಂದಿದ್ದರು.

ಲಿಡ್‌ಗೇಟ್‌ನಲ್ಲಿ ದಡದಿಂದ ಸಮುದ್ರದೊಳಕ್ಕೆ ದೊಡ್ಡ ದೊಡ್ಡ ಕಪ್ಪು ಬಂಡೆಗಳನ್ನು ಪೇರಿಸಿ ಗೋಡೆ ಕಟ್ಟಿದ್ದಾರೆ. ಗೋಡೆಯ ಒಳಗೆ ಎರಡು ಕೊಳ. ಒಂದು ಚಿಕ್ಕದು, ಆಳವಿಲ್ಲ, ತೆವಳುವ ಮಕ್ಕಳೂ ಕೂತು ಆಡುತ್ತವೆ. ಇನ್ನೊಂದು ದೊಡ್ಡದು, ಈಜಬಹುದು, ಮಾಸ್ಕ್ ಹಾಕಿಕೊಂಡು ಮೀನು ನೋಡಬಹುದು. ಅಲೆ ಹೊರಗಿನ ಬಂಡೆಗಳಿಗೆ ಬಡಿದು ಅಲ್ಲೇ ಮುರಿಯುತ್ತದೆ. ನೀರು ಮಾತ್ರ ಸಂದಿಗಳಿಂದ ಒಳಗೆ ಬಂದು ಹೋಗುತ್ತಿರುತ್ತದೆ, ಅದರ ಜೊತೆ ಮೀನೂ ಬರುತ್ತದೆ. ಅತ್ತೆ ದಡದಲ್ಲಿ ನಿಂತು ಬಹಳ ಹೊತ್ತು ನೋಡಿದರು. "ಇದು ಸಮುದ್ರ ಅಲ್ಲ ಕಣೇ, ಇದೊಂದು ಕಲ್ಯಾಣಿ" ಅಂದರು. ಆಮೇಲೆ ಚಪ್ಪಲಿ ಬಿಟ್ಟರು.

ಸೀರೆ ಉಟ್ಟೇ ಇಳಿಯುತ್ತೇನೆ ಅಂತ ಹಟ. ನನ್ನ ಚೂಡಿದಾರ್ ಹಾಕಿಕೊಳ್ಳಿ ಅಂದರೆ, "ನೇತ್ರಾವತಿಯಲ್ಲಿ ಇಳೀವಾಗ ಚೂಡಿದಾರ್ ಹಾಕ್ಕೊಂಡಿದ್ನಾ?" ಕೊನೆಗೆ ಸೀರೆಯೇ ಗೆದ್ದಿತು. ಅಲ್ಲಿ ಯಾರೂ ತಿರುಗಿ ನೋಡಲಿಲ್ಲ. ಸೊಂಟದವರೆಗೆ ನೀರಲ್ಲಿ ಕೂತವರು ಊಟಕ್ಕೆ ಕರೆದರೂ ಏಳಲಿಲ್ಲ. ಮಗಳು ತನ್ನ ಮಾಸ್ಕ್ ಕೊಟ್ಟಳು. ಅದನ್ನು ಹಾಕಿಕೊಂಡು ಮುಖ ನೀರಿಗೆ ಅದ್ದಿದವರು ತಟ್ಟನೆ ಎದ್ದು, "ಅಯ್ಯೋ, ಕೆಳಗೆ ಪಟ್ಟೆ ಪಟ್ಟೆ ಮೀನು, ಹಿಂಡು ಹಿಂಡು!" ಅಂತ ಕೂಗಿದರು. ಹವಾಯಿಯ ರಾಜ್ಯ ಮೀನಿನ ಹೆಸರು ಹುಮುಹುಮುನುಕುನುಕುಆಪುಆ. ನನ್ನ ಗಂಡನಿಗೆ ಕೊನೆಯವರೆಗೂ ಅದು ಬಾಯಿಗೆ ಬರಲಿಲ್ಲ. ಅತ್ತೆ ಎರಡು ಸಲ ಕೇಳಿಸಿಕೊಂಡು ಸಲೀಸಾಗಿ ಹೇಳಿದರು. ವಿಷ್ಣು ಸಹಸ್ರನಾಮ ಬಾಯಿಪಾಠ ಮಾಡಿದವರಿಗೆ ಇದೇನು ಮಹಾ, ಅಲ್ವಾ?

ಕೊಳದಲ್ಲಿ ನಮ್ಮ ಪಕ್ಕದಲ್ಲೇ ಒಬ್ಬ ಅಜ್ಜ ಮೊಮ್ಮಗನನ್ನು ನೀರಲ್ಲಿ ತೇಲಿಸುತ್ತಾ ನಿಂತಿದ್ದರು. ಅದೇ ಊರಿನವರು. ಚಿಕ್ಕವರಿದ್ದಾಗಿನಿಂದ ಇಲ್ಲಿಗೆ ಬರುತ್ತಿದ್ದಾರಂತೆ. ಈ ಕೊಳಗಳಿಗೆ ಮಾರ್ಗನ್ಸ್ ಪಾಂಡ್ಸ್ ಅಂತ ಹೆಸರು, ಆಲ್ಬರ್ಟ್ ಮಾರ್ಗನ್ ಎಂಬವರು ಇಟಲಿಯಲ್ಲಿ ಇಂಥ ಕಲ್ಲಿನ ತಡೆ ನೋಡಿಕೊಂಡು ಬಂದು ಇಲ್ಲೂ ಬೇಕು ಅಂತ ಮಾಡಿಸಿದ್ದು ಎಂದರು. ಅಲ್ಲೇ ಹುಲ್ಲಿನ ಮೇಲಿರುವ ಕಾಮಲಾನಿ ಆಟದ ಮೈದಾನ ತೋರಿಸಿ, "ಅದಕ್ಕೆ ನಾನೂ ಮೊಳೆ ಹೊಡೆದಿದ್ದೇನೆ" ಅಂದರು. 1992ರ ಸೆಪ್ಟೆಂಬರಿನಲ್ಲಿ ಇನಿಕಿ ಚಂಡಮಾರುತ ಈ ದ್ವೀಪವನ್ನು ಚಿಂದಿ ಮಾಡಿತ್ತು. ಅದಾಗಿ ಎರಡು ವರ್ಷಕ್ಕೆ, 1994ರಲ್ಲಿ, ಊರಿನವರೇ ಸಾವಿರಾರು ಜನ ಸೇರಿ ಮರದ ಸೇತುವೆ, ಗೋಪುರ, ಜಾರುಬಂಡೆಗಳ ಈ ಮೈದಾನ ಕಟ್ಟಿದರು. ತಮ್ಮ ಮನೆಯ ಚಾವಣಿಯೇ ಆಗಿನ್ನೂ ಪೂರ್ತಿ ರಿಪೇರಿ ಆಗಿರಲಿಲ್ಲ ಅಂತ ಅಜ್ಜ ನಕ್ಕರು. "ಮನೆ ಬಿಟ್ಟು ಇದನ್ನ ಯಾಕೆ ಕಟ್ಟಿದರಂತೆ ಕೇಳು" ಅಂತ ಅತ್ತೆ. ನಾನು ಕೇಳಿದೆ. ಮಕ್ಕಳು ಗಾಳಿ ಬೀಸಿದರೂ ಹೆದರುತ್ತಿದ್ದವಂತೆ, ಅವಕ್ಕೆ ನಗೋದಕ್ಕೆ ಒಂದು ಜಾಗ ಬೇಕಿತ್ತು ಅಂದರು. ಅತ್ತೆ ತಲೆಯಾಡಿಸಿದರು, ಅದನ್ನು ಕನ್ನಡಕ್ಕೆ ಹೇಳುವ ಮೊದಲೇ.

ಆಮೇಲೆ ಅಜ್ಜ ನಮ್ಮ ಊರು ಕೇಳಿದರು. ಅರಸೀಕೆರೆ ಅಂದರೆ ಏನು ಗೊತ್ತಾಗುತ್ತೆ ಅಂತ ನಾನು ಬೆಂಗಳೂರು ಅಂದೆ. ಅಜ್ಜನ ಮುಖ ಅರಳಿತು. "ಓ, ಕಲ್ಲು ಕಳಿಸಿದವರು!" ಅಂದರು. ನಾವು ಮುಖ ಮುಖ ನೋಡಿಕೊಂಡೆವು.

ವೈಲುವಾ ನದಿಯ ಮೇಲ್ಗಡೆ ಒಂದು ಶೈವ ಮಠವಿದೆ. ಶಿವಾಯ ಸುಬ್ರಮುನಿಯಸ್ವಾಮಿ ಎಂಬ ಅಮೆರಿಕದ ಸನ್ಯಾಸಿ 1970ರಲ್ಲಿ ಕಟ್ಟಿದ್ದು. ಅಲ್ಲಿನ ಇರೈವನ್ ದೇವಸ್ಥಾನದ ಬಿಳಿ ಗ್ರಾನೈಟ್ ಕಲ್ಲುಗಳನ್ನೆಲ್ಲ ಬೆಂಗಳೂರಿನ ಹೊರಗಿನ ಒಂದು ಹಳ್ಳಿಯಲ್ಲಿ ಶಿಲ್ಪಿಗಳು ಉಳಿ, ಸುತ್ತಿಗೆ ಹಿಡಿದು ಕೈಯಲ್ಲೇ ಕೆತ್ತಿದ್ದಾರೆ. ಕೆಲಸ ಶುರುವಾಗಿದ್ದು 1990ರಲ್ಲಿ. ಕಂಟೇನರುಗಳಲ್ಲಿ ಹಡಗಿಗೆ ಹಾಕಿ ಇಲ್ಲಿಗೆ ತಂದು, ಭಾರತದಿಂದ ಬಂದ ಶಿಲ್ಪಿಗಳೇ ಜೋಡಿಸಿದ್ದು. ಪ್ರತಿಷ್ಠೆ ಆಗಿದ್ದು 2023ರಲ್ಲಿ. ಬೆಂಗಳೂರಿನಲ್ಲಿ ಇಷ್ಟು ವರ್ಷ ಇದ್ದೂ ನನಗೆ ಇದರ ಸುಳಿವೇ ಇರಲಿಲ್ಲ. ಪೆಸಿಫಿಕ್ ಸಾಗರದ ನಡುವೆ, ಕೊಳದಲ್ಲಿ ಒದ್ದೆಯಾಗಿ ನಿಂತು ತಿಳಿದುಕೊಳ್ಳಬೇಕಾಯಿತು.

ಮಾರನೇ ದಿನ ಬೆಳಿಗ್ಗೆ ಹೋದೆವು. ಮಧ್ಯಾಹ್ನದ ಮೇಲೆ ಪ್ರವಾಸಿಗರನ್ನು ಬಿಡುವುದಿಲ್ಲ, ಬೇಗ ಹೋಗಿ. ಸುತ್ತ ಕಾಡು, ಹಸಿರು, ನಡುವೆ ಚೋಳರ ಶೈಲಿಯ ಬಿಳಿ ಗುಡಿ, ಮೇಲೆ ಚಿನ್ನದ ಬಣ್ಣದ ಶಿಖರ. ಒಳಗಿನ ಲಿಂಗ ಸ್ಫಟಿಕದ್ದು. ಅತ್ತೆಗೆ ಗುಡಿ ಇಷ್ಟವಾಯಿತು, ಆದರೆ ಅರ್ಧ ಗಂಟೆಯಲ್ಲೇ "ಇನ್ನು ಕೊಳಕ್ಕೆ ಹೋಗೋಣ" ಅಂದರು. ದೇವರ ಎದುರೇ ಹಾಗಂದರು!

ತಿಂಡಿಯ ವಿಷಯ. ನಾವು ಸಸ್ಯಾಹಾರಿಗಳು, ಕವಾಯಿಯ ಹೊಟೇಲುಗಳಲ್ಲಿ ನಮಗೆ ಸಿಗುವುದು ಕಡಿಮೆ. ಪೋಯಿ ಎನ್ನುವ ಕೆಸುವಿನ ಗೆಡ್ಡೆಯ ಅಂಬಲಿಯನ್ನು ಎಲ್ಲರೂ ಹೊಗಳುತ್ತಾರೆ, ನನಗಂತೂ ಸೇರಲಿಲ್ಲ. ಅದೇ ಕೆಸುವಿನ ಚಿಪ್ಸ್ ಆದರೆ ಪೊಟ್ಟಣ ಪೊಟ್ಟಣ ಖಾಲಿ ಮಾಡಿದೆವು. ಪಾರ್ಕಿನಲ್ಲಿ ಮೇಜು, ನೆರಳು ಇದೆ, ಪುಳಿಯೋಗರೆ ಕಟ್ಟಿಕೊಂಡು ಹೋಗುತ್ತಿದ್ದೆವು. ಡಬ್ಬಿ ತೆಗೆದರೆ ಕೋಳಿಗಳು ಹಾಜರ್. ಈ ದ್ವೀಪದ ತುಂಬ ಬೀಡಾಡಿ ಕೋಳಿಗಳು. ಹವಾಯಿಯ ಬೇರೆ ದೊಡ್ಡ ದ್ವೀಪಗಳಲ್ಲಿ ಮುಂಗುಸಿ ಇದೆ, ಇಲ್ಲಿ ನೆಲೆಯೂರಿಲ್ಲ. ಹಾಗಾಗಿ ಮೊಟ್ಟೆ ಕದಿಯುವವರು ಕಡಿಮೆ. ಹುಂಜಗಳು ಬೆಳಗಾಗುವವರೆಗೂ ಕಾಯುವುದಿಲ್ಲ, ನಡುರಾತ್ರಿಯೇ ಕೂಗುತ್ತವೆ. ನಿದ್ದೆ ಬೇಕಾದವರು ಕಿವಿಗೆ ಹತ್ತಿ ಇಟ್ಟುಕೊಳ್ಳಿ.

ನದಿ ಪಕ್ಕದಲ್ಲೇ ಇರುವುದರಿಂದ ಜೋರು ಮಳೆಯಾದ ಮೇಲೆ ನೀರು ಕಂದು ಬಣ್ಣಕ್ಕೆ ತಿರುಗುತ್ತದೆ, ಮರದ ದಿಮ್ಮಿಗಳು ತೇಲಿ ಬರುತ್ತವೆ. ದ್ವೀಪದ ನಡುವಿನ ವೈಅಲೆಅಲೆ ಬೆಟ್ಟದಲ್ಲಿ ಆಗುಂಬೆಗಿಂತ ಜಾಸ್ತಿ ಮಳೆ ಸುರಿಯುತ್ತದೆ, ಆ ನೀರೂ ಈ ಕಡೆ ಬರುತ್ತದೆ. ಅಂಥ ದಿನ ಇಳಿಯಬೇಡಿ. ಉಳಿದ ದಿನ ಜೀವರಕ್ಷಕರನ್ನು ಒಂದು ಮಾತು ಕೇಳಿ ಇಳಿಯಿರಿ. ಗೋಡೆಯ ಹೊರಗಿನ ಸಮುದ್ರ ಬೇರೆಯದೇ, ಬಂಡೆ ಹತ್ತಿ ಆಚೆ ಹೋಗಬೇಡಿ. ತಳದಲ್ಲಿ ಕಲ್ಲಿದೆ, ನೀರಲ್ಲಿ ಹಾಕುವ ಶೂ ಬೇಕು. ಆಕ್ಸಿಬೆನ್ಜೋನ್, ಆಕ್ಟಿನಾಕ್ಸೇಟ್ ಎಂಬ ರಾಸಾಯನಿಕಗಳಿರುವ ಸನ್‌ಸ್ಕ್ರೀನ್ ಮಾರುವುದನ್ನು ಹವಾಯಿ 2021ರಿಂದ ನಿಲ್ಲಿಸಿದೆ, ಅವು ಹವಳಕ್ಕೆ ಕೆಟ್ಟದ್ದು. ಮನೆಯಿಂದ ಅಂಥದ್ದನ್ನು ಒಯ್ಯಬೇಡಿ. ನದಿಯ ಬದಿಗೆ ಹಿಕಿನಾಅಕಲಾ ಎಂಬ ಹಳೆಯ ಹವಾಯಿ ಗುಡಿಯ ಕಲ್ಲುಗಳಿವೆ. ನೋಡಿ, ಆದರೆ ಅವುಗಳ ಮೇಲೆ ಹತ್ತಬೇಡಿ.

ಇನ್ನು ಬಾಡಿಗೆ ಕಾರು. ಇದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಕಾರು ವಾಪಸ್ ಕೊಟ್ಟಾಗ ಆ ಕಂಪನಿಯವರು ನಗುನಗುತ್ತಾ ಥ್ಯಾಂಕ್ಯೂ ಹೇಳಿದರು. ಮನೆಗೆ ಬಂದ ಮೇಲೆ, ಒಳಗೆ ಮರಳಿತ್ತು ಅಂತ ಕಾರ್ಡಿನಿಂದ ನೂರೈವತ್ತು ಡಾಲರ್ ಎಳೆದುಕೊಂಡರು. ಸಮುದ್ರ ದ್ವೀಪದಲ್ಲಿ ಕಾರು ಬಾಡಿಗೆಗೆ ಕೊಡುವವರಿಗೆ ಮರಳು ಕಂಡು ಆಶ್ಚರ್ಯವಂತೆ! ಫೋನ್ ಮಾಡಿ, ಇಮೇಲ್ ಬರೆದು, ಜಗಳವಾಡಿ ಅರ್ಧ ವಾಪಸ್ ಬಂತು. ಪಾರ್ಕಿನಲ್ಲಿ ಶವರ್ ಇದೆ, ಅಲ್ಲೇ ಕಾಲು, ಚಪ್ಪಲಿ, ಬಕೆಟ್ಟು ಎಲ್ಲ ತೊಳೆದುಕೊಳ್ಳಿ. ಸೀಟಿಗೆ ಹಾಸಲು ಹಳೆಯ ಬೆಡ್‌ಶೀಟ್ ಇಟ್ಟುಕೊಳ್ಳಿ. ಕಾರು ಕೊಡುವ ಮೊದಲು ಒಳಗಿನ ಫೋಟೊ ತೆಗೆಯಿರಿ, ಡಿಕ್ಕಿಯದ್ದೂ ಸೇರಿಸಿ.